‘ಫ್ಯಾಮಿಲಿಗೆ ಮಾತ್ರ’

ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಾಗಲಿ, ಯಲಹಂಕ ಉಪನಗರದಲ್ಲಾಗಲಿ ಬಾಡಿಗೆ ಮನೆ ಹುಡುಕಿಕೊಂಡು ಹೊರಟವರಿಗೆ ‘ಟು ಲೆಟ್’ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಕಾಣುವುದು ಮಾಮೂಲು: ‘ಫ್ಯಾಮಿಲಿಗೆ ಮಾತ್ರ’. ಮನೆ ಮಾಲೀಕರ ಮೊದಲ ಪ್ರಶ್ನೆಯೂ ಅದೇ. ‘ಎಷ್ಟು ಜನ ಇರ್ತೀರಿ? ಫ್ಯಾಮಿಲಿನಾ, ಬ್ಯಾಚುಲರ್ಸಾ?’

ಈ ಪ್ರಶ್ನೆಗೆ ಉತ್ತರ ಹೇಳಲು ತಡವರಿಸುವ ಒಂದು ಬಗೆಯ ಜೋಡಿ ಇದೆ. ಇಬ್ಬರೂ ಗಂಡಸರು. ಇಬ್ಬರಿಗೂ ನೌಕರಿ ಇದೆ, ಕೇಳಿದಷ್ಟು ಅಡ್ವಾನ್ಸ್ ಕೊಡುವ ತಾಕತ್ತಿದೆ. ಹಲವು ವರ್ಷಗಳಿಂದ ಒಬ್ಬರನ್ನೊಬ್ಬರು ನೆಚ್ಚಿಕೊಂಡು ಬಾಳುತ್ತಿದ್ದಾರೆ. ಆದರೆ ‘ಫ್ಯಾಮಿಲಿ’ ಅಂದರೆ ಮಾಲೀಕರು ನಂಬುವುದಿಲ್ಲ. ‘ಬ್ಯಾಚುಲರ್ಸ್’ ಅಂದರೆ ಮನೆ ಕೊಡುವುದಿಲ್ಲ. ಕೊನೆಗೆ ‘ಕಸಿನ್ಸ್ ಸಾರ್’ ಎಂಬ ಸಣ್ಣದೊಂದು ಸುಳ್ಳಿನ ಮೇಲೆ ಸಂಸಾರ ಶುರುವಾಗುತ್ತದೆ.

ಒಳಗೆ ಹೋಗಿ ನೋಡಿದರೆ ಅಲ್ಲಿರುವುದು ಎಲ್ಲರ ಮನೆಯಲ್ಲಿ ಇರುವುದೇ. ನೀರು ಬಾರದ ದಿನ ಟ್ಯಾಂಕರಿಗೆ ಯಾರು ಫೋನ್ ಮಾಡಬೇಕು, ಬೆಸ್ಕಾಂ ಬಿಲ್ ಯಾರು ಕಟ್ಟಬೇಕು, ಸಾರಿಗೆ ಉಪ್ಪು ಹೆಚ್ಚಾಯಿತೇ, ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನು ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತಾನೆ - ಇಂಥವೇ ಮಾತುಗಳು. ವ್ಯತ್ಯಾಸ ಕಾಣುವುದು ಊರಿನಿಂದ ಅಪ್ಪ ಅಮ್ಮ ಬರುತ್ತಾರೆಂದಾಗ. ರೈಲು ಯಶವಂತಪುರ ತಲುಪುವುದರೊಳಗೆ ಎರಡನೇ ಕೋಣೆಯಲ್ಲಿ ಹಾಸಿಗೆ ಹಾಸಬೇಕು, ಗೋಡೆಯ ಮೇಲಿನ ಫೋಟೊ ತೆಗೆದಿಡಬೇಕು, ಅಲ್ಲಿ ಬೇರೆ ಯಾರೋ ಮಲಗುತ್ತಾರೆಂದು ಕಾಣುವಂತೆ ಬಟ್ಟೆ ನೇತುಹಾಕಬೇಕು. ಹೆತ್ತವರು ಮಗನ ಮನೆಗೆ ಬರುತ್ತಾರೆ. ಆದರೆ ಮಗನ ಬಾಳನ್ನು ಕಾಣದೆಯೇ ಹಿಂತಿರುಗುತ್ತಾರೆ.

ಕನ್ನಡದಲ್ಲಿ ಇಂಥವರಿಗೆ ರೂಢಿಯಲ್ಲಿರುವ ಮಾತು ‘ಸಲಿಂಗಕಾಮಿ’. ಈ ಪದದಲ್ಲಿ ಎದ್ದು ಕಾಣುವುದು ಕಾಮ ಮಾತ್ರ. ಜ್ವರ ಬಂದಾಗ ಗಂಜಿ ಕಾಯಿಸುವುದು, ಸಾಲದ ಕಂತು ಹಂಚಿಕೊಳ್ಳುವುದು, ಮುನಿಸು, ರಾಜಿ - ಇವಕ್ಕೆ ಆ ಪದದೊಳಗೆ ಜಾಗವೇ ಇಲ್ಲ. ಗಂಡ-ಹೆಂಡತಿಯನ್ನು ಯಾರೂ ಅವರ ಮಲಗುವ ಕೋಣೆಯಿಂದ ಗುರುತಿಸುವುದಿಲ್ಲ. ಈ ಜೋಡಿಗಳನ್ನು ಮಾತ್ರ ಹಾಗೆ ಗುರುತಿಸುವುದು ರೂಢಿಯಾಗಿಬಿಟ್ಟಿದೆ. ‘ಸಲಿಂಗಪ್ರೇಮಿ’ ಎಂಬ ಮಾತು ಈಚೆಗೆ ಬಳಕೆಗೆ ಬರುತ್ತಿರುವುದು ಇದೇ ಕಾರಣಕ್ಕೆ.

ಕಾನೂನು ನಡೆದ ದಾರಿ

ಇವರನ್ನು ಅಪರಾಧಿಗಳೆಂದು ಕರೆದದ್ದು ಬ್ರಿಟಿಷರ ಕಾಲದ ಕಾನೂನು. 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಮು ‘ನಿಸರ್ಗಕ್ಕೆ ವಿರುದ್ಧ’ವಾದ ಸಂಬಂಧಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇಟ್ಟಿತ್ತು. 2009ರಲ್ಲಿ ದೆಹಲಿ ಹೈಕೋರ್ಟು ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಪುನಃ ಕದ ತಟ್ಟಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಒಬ್ಬರು. ಕಡೆಗೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು: ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆ ಕಲಮೇ ಇಲ್ಲ.

ಅಪರಾಧವಲ್ಲ, ಸರಿ. ಹಾಗಾದರೆ ಸಂಬಂಧವೇ? 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಈ ಪ್ರಶ್ನೆಗೆ ‘ಇಲ್ಲ’ ಎಂದಿತು. ಮದುವೆಯ ಮಾನ್ಯತೆ ಕೊಡುವುದು ಶಾಸನಸಭೆಗೆ ಬಿಟ್ಟದ್ದು ಎಂದು ಹೇಳಿ, ದಿನನಿತ್ಯದ ತೊಡಕುಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಬೇಕೆಂಬ ಕೇಂದ್ರದ ಭರವಸೆಯನ್ನು ದಾಖಲಿಸಿತು. ಅದರ ನಂತರ 2024ರಲ್ಲಿ ಕೆಲವು ಸ್ಪಷ್ಟನೆಗಳು ಬಂದವು. ಇಂಥ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು. ಪಡಿತರ ಚೀಟಿಯ ಮಟ್ಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕು. ಹತ್ತಿರದ ಬಂಧುಗಳು ಇಲ್ಲದಾಗ ತೀರಿಕೊಂಡವರ ದೇಹವನ್ನು ಸಂಗಾತಿ ಪಡೆಯಬಹುದು.

ಕೊನೆಯ ಅಂಶವನ್ನು ಇನ್ನೊಮ್ಮೆ ಓದಬೇಕು. ಜೊತೆಗೆ ಬಾಳಿದವರ ದೇಹವನ್ನು ಕೇಳಿ ಪಡೆಯಲಿಕ್ಕೂ ಸರಕಾರದ ಪತ್ರ ಬೇಕಾಯಿತು.

ಉಳಿದ ಕಡೆ ಬಾಗಿಲು ಅರೆತೆರೆದೇ ಇದೆ. ಮೂತ್ರಪಿಂಡ ವಿಫಲವಾದಾಗ ಗಂಡನಿಗೆ ಹೆಂಡತಿ ‘ಹತ್ತಿರದ ಸಂಬಂಧಿ’ಯಾಗಿ ದಾನ ಮಾಡಬಹುದು, ಅದೇ ಮನೆಯ ಸಂಗಾತಿ 1994ರ ಅಂಗಾಂಗ ಕಸಿ ಕಾಯ್ದೆಯಂತೆ ಹೊರಗಿನವನು, ಅವನು ಅನುಮತಿ ಸಮಿತಿಯ ಮುಂದೆ ಹೋಗಬೇಕು. ಒಬ್ಬ ತೀರಿಕೊಂಡರೆ ಅವನ ಆಸ್ತಿಗೆ ಮತ್ತೊಬ್ಬ ವಾರಸುದಾರನಲ್ಲ. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವನು; ಅದು ಯಾರದೆಂದು ತೀರ್ಮಾನಿಸುವುದು ಉಯಿಲು ಅಥವಾ ವಾರಸಾ ಕಾನೂನು. ಆದ್ದರಿಂದ ಇಂಥ ಜೋಡಿಗಳಿಗೆ ವಕೀಲರು ಕೊಡುವ ಮೊದಲ ಸಲಹೆ ಉಯಿಲು ಬರೆದಿಡಿ ಎಂಬುದು. ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ.

ವಿಮಾನ ಇಳಿದಾಗ ಬದಲಾಗುವ ನಂಟು

ಎಲ್ಲ ಜೋಡಿಗಳಂತೆ ಇವರಿಗೂ ಊರು ಸುತ್ತುವ ಆಸೆ. ನಮ್ಮ ದೇಶದ ಲಾಡ್ಜುಗಳಲ್ಲಿ ಇಬ್ಬರು ಗಂಡಸರಿಗೆ ಕೋಣೆ ಸಿಗುವುದು ಸುಲಭ. ಸ್ನೇಹಿತರೆಂದು ಎಲ್ಲರೂ ಭಾವಿಸುತ್ತಾರೆ. ಒಂದೇ ಮಂಚದ ಕೋಣೆ ಕೇಳಿದಾಗ ಮಾತ್ರ ಕೌಂಟರಿನವರು ತಲೆ ಎತ್ತಿ ನೋಡುತ್ತಾರೆ.

ಹೆಬ್ಬಾಳ ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಿದ ಮೇಲೆ ಲೆಕ್ಕ ಬೇರೆ. ಬ್ರಿಟಿಷರು ಅದೇ ಬಗೆಯ ಕಲಮನ್ನು ಸಿಂಗಪುರಕ್ಕೂ ಮಲೇಷ್ಯಾಕ್ಕೂ ಕೊಟ್ಟುಹೋಗಿದ್ದರು. ಸಿಂಗಪುರದ ಸಂಸತ್ತು 2022ರಲ್ಲಿ ಅದನ್ನು ತೆಗೆಯಲು ಮತ ಹಾಕಿತು. ಮಲೇಷ್ಯಾದಲ್ಲಿ ಅದು ಉಳಿದುಕೊಂಡಿದೆ. ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಇಂಥ ಜೋಡಿಗಳ ಮದುವೆ ನೋಂದಣಿಯಾಗುತ್ತಿದೆ. ಮನುಷ್ಯರು ಅವರೇ, ಕೈಚೀಲಗಳೂ ಅವೇ. ಒಂದು ದೇಶದಲ್ಲಿ ದಂಪತಿ, ಇನ್ನೊಂದರಲ್ಲಿ ಸ್ನೇಹಿತರು, ಮತ್ತೊಂದರಲ್ಲಿ ಅಪರಾಧಿಗಳು.

ಪ್ರಯಾಣಕ್ಕೆ ಇನ್ನೊಂದು ಕಾರಣವೂ ಇರುತ್ತದೆ: ತಮ್ಮಂಥವರನ್ನು ಕಾಣುವುದು. ಇದಕ್ಕೆ ಅಮೆರಿಕದ ‘ಲೆದರ್ ಸಮುದಾಯ’ ಒಳ್ಳೆಯ ಉದಾಹರಣೆ. ಎರಡನೇ ಮಹಾಯುದ್ಧದ ನಂತರ ಅಲ್ಲಿ ಮೋಟರ್‌ಸೈಕಲ್ ಸವಾರರ ಕೂಟಗಳು ಹುಟ್ಟಿಕೊಂಡವು. ಸಲಿಂಗಪ್ರೇಮಿ ಗಂಡಸರೂ ತಮ್ಮದೇ ಕೂಟ ಕಟ್ಟಿದರು. ಲಾಸ್ ಏಂಜಲೀಸಿನ ‘ಸೇಟರ್ಸ್’ 1954ರಷ್ಟು ಹಳೆಯದು. ಸವಾರರ ಚರ್ಮದ ಜಾಕೆಟ್ಟು, ಬೂಟು ಅವರ ಗುರುತಾದವು. ಗೇ ಎಂದರೆ ಹೆಣ್ಣಿಗ ಎಂದು ಹೀಯಾಳಿಸುತ್ತಿದ್ದ ಕಾಲದಲ್ಲಿ ಆ ಉಡುಪು ಅವರಿಗೆ ಒಂದು ಉತ್ತರವೂ ಆಗಿತ್ತು. ವಯಸ್ಕರ ಖಾಸಗಿ ಬದುಕಿಗೆ ಸೇರಿದ ಸಂಗತಿಗಳೂ ಆ ಸಮುದಾಯದಲ್ಲಿವೆ. ಅವು ಅವರಿಗೇ ಬಿಟ್ಟದ್ದು. ಇಲ್ಲಿ ನೋಡಬೇಕಾದದ್ದು ಅವರು ಕಟ್ಟಿಕೊಂಡ ಬಳಗವನ್ನು.

ಷಿಕಾಗೋದ ಚಕ್ ರೆನ್ಸ್ಲೊ ಮತ್ತು ಡಾಮ್ ಒರೆಹೂಡೋಸ್ ಈ ಬಳಗದ ಹೆಸರಾಂತ ಜೋಡಿ. ರೆನ್ಸ್ಲೊ ಛಾಯಾಗ್ರಾಹಕ, ವ್ಯಾಪಾರಿ. ಒರೆಹೂಡೋಸ್ ಬ್ಯಾಲೆ ನರ್ತಕ, ಚಿತ್ರಕಾರ. 1950ರ ದಶಕದಲ್ಲಿ ಶುರುವಾದ ಅವರ ಒಡನಾಟ ದಶಕಗಳ ಕಾಲ ನಡೆಯಿತು. 1979ರಲ್ಲಿ ಆರಂಭವಾದ ‘ಇಂಟರ್‌ನ್ಯಾಷನಲ್ ಮಿಸ್ಟರ್ ಲೆದರ್’ ಸಮಾವೇಶಕ್ಕೆ ದೇಶ ದೇಶಗಳಿಂದ ಜನ ಬರತೊಡಗಿದರು. ಆಮೇಲೆ ಬಂದದ್ದು ಏಡ್ಸ್. ಸಾಯುತ್ತಿದ್ದವರ ಮನೆಯವರು ಎಷ್ಟೋ ಬಾರಿ ಬಂದು, ಅವರ ಪತ್ರ, ಫೋಟೊ, ಉಡುಪುಗಳನ್ನು ನಾಚಿಕೆಯಿಂದ ಕಸಕ್ಕೆ ಹಾಕಿಬಿಡುತ್ತಿದ್ದರು. ಇಂಥ ನೆನಪುಗಳು ಅಳಿಯಬಾರದೆಂದು 1991ರಲ್ಲಿ ಷಿಕಾಗೋದಲ್ಲಿ ಒಂದು ಸಂಗ್ರಹಾಲಯವನ್ನೇ ಸ್ಥಾಪಿಸಲಾಯಿತು. ಸ್ಥಾಪಕರಲ್ಲಿ ರೆನ್ಸ್ಲೊ ಒಬ್ಬರು. ಅದೇ ವರ್ಷ ಒರೆಹೂಡೋಸ್ ಏಡ್ಸ್‌ನಿಂದ ತೀರಿಕೊಂಡರು. ರಕ್ತಸಂಬಂಧ ಕೈಬಿಟ್ಟ ಕಡೆ ಬಳಗವೇ ಬಂಧುವಾಯಿತು.

ಉಡುಪಿನ ಮಾತು ಬಂದಾಗ ಕೊಡಗಿನ ಪ್ರಸಂಗವೊಂದನ್ನು ನೆನೆಯಬೇಕು. 2020ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಕೊಡವ ಯುವಕನೊಬ್ಬ ತನ್ನ ಸಂಗಾತಿಯನ್ನು ಮದುವೆಯಾದ. ತೊಟ್ಟದ್ದು ಕುಪ್ಯ ಚೇಲೆ, ಸೊಂಟದಲ್ಲಿ ಪೀಚೆಕತ್ತಿ. ಫೋಟೊಗಳು ಊರಿಗೆ ತಲುಪಿದಾಗ ಸಮುದಾಯದ ಉಡುಪಿಗೆ ಅವಮಾನವಾಯಿತೆಂದು ಆಕ್ಷೇಪ ಎದ್ದಿತು. ಅವನ ಪರ ನಿಂತು ಮಾತಾಡಿದವರೂ ಇದ್ದರು. ಷಿಕಾಗೋದವರು ಹೊಸ ಉಡುಪು ತೊಟ್ಟು ಹೊಸ ಬಳಗ ಕಟ್ಟಿದರು. ಈ ಯುವಕ ಅಜ್ಜನ ಉಡುಪನ್ನೇ ತೊಟ್ಟು ಹಳೆಯ ಬಳಗದಲ್ಲೇ ಜಾಗ ಕೇಳಿದ. ಸಮುದ್ರದಾಚೆ ಯಾರೂ ತಡೆಯದ ಕಡೆ ನಿಂತೂ ಅವನಿಗೆ ಬೇಕೆನಿಸಿದ್ದು ಊರಿನದ್ದೇ.

ಬೆಂಗಳೂರಿನಲ್ಲಿ ಬಳಗ ಇಲ್ಲವೆಂದಲ್ಲ. ‘ಗುಡ್ ಆ್ಯಸ್ ಯು’ ಎಂಬ ಕೂಟ 1994ರಲ್ಲೇ ಶುರುವಾಯಿತು. 1999ರಲ್ಲಿ ‘ಸಂಗಮ’ ಸಂಸ್ಥೆ ಬಂತು. 2008ರಲ್ಲಿ ಮೊದಲ ಬಾರಿಗೆ ನಗರದ ಬೀದಿಯಲ್ಲಿ ಹೆಮ್ಮೆಯ ಮೆರವಣಿಗೆ ನಡೆಯಿತು. 2013ರಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಪ್ರಕಟವಾದಾಗ ಈ ಬದುಕು ಕನ್ನಡದ ಓದುಗರ ಮನೆಯೊಳಗೇ ಬಂದು ಕುಳಿತಿತು. ಲೇಖಕರು ತಾವೂ ಸಲಿಂಗಪ್ರೇಮಿಯೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು.

ಹೆತ್ತವರ ಪಾಲು

ಈ ಕಥೆಯಲ್ಲಿ ಅಪ್ಪ ಅಮ್ಮಂದಿರ ಸಂಕಟ ಸಣ್ಣದಲ್ಲ. ಮಗ ಹೇಳಿದ ರಾತ್ರಿ ‘ನಾವು ಎಲ್ಲಿ ತಪ್ಪಿದೆವು?’ ಎಂಬ ಪ್ರಶ್ನೆ ನಿದ್ದೆ ಕೆಡಿಸುತ್ತದೆ. ಉತ್ತರ: ಎಲ್ಲಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿತು. ಇದನ್ನು ‘ವಾಸಿ’ ಮಾಡುತ್ತೇವೆನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆಯೆಂದು ಸಾರಿತು. ಯಾರಾದರೂ ವೈದ್ಯರು ಇಂಜೆಕ್ಷನ್, ಮಾತ್ರೆ, ಶಾಕ್ ಎಂದರೆ ಅಲ್ಲಿಂದ ಎದ್ದು ಬರಬೇಕು.

ಎರಡನೆಯ ತಪ್ಪು ಇನ್ನೂ ದೊಡ್ಡದು: ‘ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ.’ ಸರಿಹೋಗುವುದಿಲ್ಲ. ಏನೂ ಅರಿಯದ ಹುಡುಗಿಯೊಬ್ಬಳು ಚಪ್ಪರದ ಕೆಳಗೆ ಬಂದು ನಿಲ್ಲುತ್ತಾಳೆ. ತನ್ನಲ್ಲೇ ಏನೋ ಕೊರತೆ ಇದೆಯೆಂದು ವರ್ಷಗಟ್ಟಲೆ ಕೊರಗುತ್ತಾಳೆ. ನಾಳೆ ಅವಳ ಅಪ್ಪ ಅಮ್ಮ ಬಂದು ಕೇಳಿದರೆ ಉತ್ತರವಿಲ್ಲ. ಸ್ವಂತ ಮಗನ ವಿಷಯದಲ್ಲಿ ಸಮಾಜಕ್ಕೆ ಅಂಜುವವರು ಬೇರೆಯವರ ಮಗಳ ಬಾಳಿಗೂ ಅಷ್ಟೇ ಅಂಜಬೇಕು.

ತಿಳಿಯದ್ದನ್ನು ಕಲಿಯುವುದಕ್ಕೆ ನಾಚಬೇಕಿಲ್ಲ. 2021ರಲ್ಲಿ ಮದುರೆಯ ಇಬ್ಬರು ಯುವತಿಯರ ಪ್ರಕರಣ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಬಂತು. ತಮಗೆ ಈ ವಿಷಯ ಅರ್ಥವಾಗಿಲ್ಲವೆಂದು ಅವರು ಒಪ್ಪಿಕೊಂಡರು. ತಾವೇ ಮನಶ್ಶಾಸ್ತ್ರಜ್ಞರ ಬಳಿ ಹೋಗಿ ಕುಳಿತು ತಿಳಿದುಕೊಂಡು ಆಮೇಲೆ ಆದೇಶ ಬರೆದರು. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಲೀಲಾ ಸೇಠ್, 2013ರ ತೀರ್ಪಿನ ಮೇಲೆ, ತಮ್ಮ ಮಗ ಲೇಖಕ ವಿಕ್ರಮ್ ಸೇಠ್ ಕಾನೂನಿನ ಕಣ್ಣಲ್ಲಿ ಮತ್ತೆ ಅಪರಾಧಿಯಾದನೆಂದು ನೊಂದು ಪತ್ರಿಕೆಯಲ್ಲಿ ಬರೆದರು. 2023ರಲ್ಲಿ ಮದುವೆಯ ಮೊಕದ್ದಮೆ ನಡೆಯುತ್ತಿದ್ದಾಗ 400ಕ್ಕೂ ಹೆಚ್ಚು ಹೆತ್ತವರು ತಮ್ಮ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು.

ವಿದ್ಯಾರ್ಥಿಗಳಿಗೂ ಒಂದು ಮಾತು. ತರಗತಿಯಲ್ಲಿ ಒಬ್ಬನ ನಡಿಗೆಗೋ ದನಿಗೋ ಅಡ್ಡಹೆಸರು ಇಡುವುದು ತಮಾಷೆಯಲ್ಲ. ಸ್ನೇಹಿತ ನಂಬಿ ಹೇಳಿದ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವುದು ಅವನನ್ನು ಮನೆಯಿಂದ ಹೊರದೂಡಿದಂತೆಯೂ ಆಗಬಹುದು. ಯಾವಾಗ, ಯಾರಿಗೆ ಹೇಳಬೇಕೆಂಬುದು ಅವನಿಗೆ ಬಿಟ್ಟದ್ದು. ಸ್ವತಃ ಈ ತೊಳಲಾಟದಲ್ಲಿ ಇರುವವರು ಒಂಟಿಯಾಗಿ ನವೆಯಬೇಕಿಲ್ಲ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೆತ್ತವರೂ ಮಾಡಬಹುದು.

ಮದುವೆಯ ಕಾನೂನು ಇಂದಲ್ಲ ನಾಳೆ ಬರಬಹುದು, ಬಾರದೆಯೂ ಇರಬಹುದು. ಅದಕ್ಕೆ ಕಾಯದೆ ಹೆತ್ತವರು ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ. ಮಗನ ಸಂಗಾತಿಯ ಫೋನ್ ನಂಬರ್ ಬರೆದಿಟ್ಟುಕೊಳ್ಳಬಹುದು. ಆಸ್ಪತ್ರೆಯಲ್ಲಿ ಡಾಕ್ಟರು ‘ಇವರು ಯಾರು?’ ಎಂದು ಕೇಳಿದಾಗ ‘ನಮ್ಮ ಮನೆಯವನೇ’ ಅನ್ನಬಹುದು. ಹಬ್ಬಕ್ಕೆ ಮಗನನ್ನು ಕರೆಯುವಾಗ, ಫೋನ್ ಇಡುವ ಮುಂಚೆ, ‘ಅವನನ್ನೂ ಕರ್ಕೊಂಡ್ ಬಾರಪ್ಪ’ ಎಂದು ಹೇಳಬಹುದು.