ತೆನೆರೆಯ ಜಾಲಿ

ಆಫ್ರಿಕಾದ ನೈಜರ್ ದೇಶದ ತೆನೆರೆಯೆಂಬ ಮರುಭೂಮಿಯಲ್ಲಿ, ಅಗಾದೆಸ್ ಪಟ್ಟಣದಿಂದ ಬಿಲ್ಮಾದ ಉಪ್ಪಿನ ಮಡಿಗಳಿಗೆ ಹೋಗುವ ಒಂಟೆದಾರಿಯ ಮೇಲೆ, ಕಣ್ಣಿಗೆಟುಕುವ ಎಡೆಯಲ್ಲೆಲ್ಲೂ ಜೊತೆಯೆಂಬುದೇ ಇಲ್ಲದೆ ನಿಂತಿದ್ದ ಜಾಲಿಯ ಮರವೊಂದು 1973ರಲ್ಲಿ ಲಾರಿ ಬಡಿದು ಉರುಳಿತು. ಅಷ್ಟು ದೊಡ್ಡ ಬಯಲಿನಲ್ಲಿ ಪಕ್ಕಕ್ಕೆ ಸರಿಯಲು ಎಡೆಯಿರಲಿಲ್ಲವೆ ಎಂದು ನಗುವವರುಂಟು. ನನಗಾದರೋ ಅದು ಅಲ್ಲಿಯವರೆಗೆ ಉಳಿದುಬಂದದ್ದೇ ಹೆಚ್ಚಿನ ವಿಸ್ಮಯ.

ಆ ಉಳಿವಿಗೆ ಅರ್ಧ ಕಾರಣ ಮರದ ಶರೀರದಲ್ಲೇ ಇತ್ತು. ನಮ್ಮ ಕರಿಜಾಲಿಯ ದಾಯಾದಿಯಾದ ಈ ಜಾತಿಗೆ, ಕಾಯಿ ಸುರುಳಿಸುತ್ತಿಕೊಳ್ಳುವ ಕಾರಣದಿಂದ, ಸಸ್ಯಶಾಸ್ತ್ರಜ್ಞರು ‘ಟಾರ್ಟಿಲಿಸ್’ ಎಂದು ಹೆಸರಿಟ್ಟರು. ಕರಿಜಾಲಿಯ ಕಾಯಿ ಮಣಿಸರದಂತೆ ಜೋತಾಡಿದರೆ ಇದರದು ತಿರುಚಿದ ಸುರುಳಿ, ಅದರ ಹೂ ಅರಿಸಿನದ ಗುಂಡು, ಇದರದು ಕೆನೆಬಿಳುಪು. ರೆಂಬೆಯನ್ನು ಕಣ್ಣಿನ ಬಳಿಗೆ ತಂದು ನೋಡಿದರೆ ಮುಳ್ಳು ಎರಡು ಬಗೆ: ಬೆಳ್ಳಗೆ, ನೀಳವಾಗಿ, ಸೂಜಿಯಂತೆ ಚಾಚಿದ್ದೊಂದು, ಮೋಟಾಗಿ, ಕೊಕ್ಕೆಯಂತೆ ಬಾಗಿದ್ದು ಮತ್ತೊಂದು. ಒಂದು ಚುಚ್ಚುತ್ತದೆ, ಇನ್ನೊಂದು ಹಿಡಿದರೆ ಬಿಡದು. ಎಲೆಯ ದಳಗಳು ಹುಣಿಸೆಯೆಲೆಯೂ ದೊಡ್ಡದೆನಿಸುವಷ್ಟು ಕಿರಿದಾದ್ದರಿಂದ ಬಿಸಿಲು ಹೀರಿಕೊಳ್ಳಬಲ್ಲ ನೀರು ಅತ್ಯಲ್ಪ. ಬೇರಿನ ಸಂಗತಿಯಂತೂ 1938-39ರ ಚಳಿಗಾಲದಲ್ಲಿ ಮರದ ಸಮೀಪ ಬಾವಿ ತೋಡಿದಾಗ ಬಯಲಾಯಿತು: 100 ಅಡಿಗೂ ಕೆಳಗಿನ ಅಂತರ್ಜಲವನ್ನು ಅದು ಎಂದೋ ಮುಟ್ಟಿತ್ತು.

ಆದರೆ ಮುಳ್ಳು ಒಂಟೆಗೆ ಲೆಕ್ಕವಲ್ಲ. ಜಾಲಿಯ ಸೊಪ್ಪೆಂದರೆ ಅದಕ್ಕೆ ಮೃಷ್ಟಾನ್ನ. ಹಸಿದ ಒಂಟೆಗಳ ಸಾಲುಸಾಲೇ ಆ ಮರದ ಬುಡದಲ್ಲಿ ಹಾದುಹೋಗುತ್ತಿದ್ದರೂ ಒಂದಾದರೂ ಅದನ್ನು ಮೇಯದಂತೆ, ಚಹಾ ಕಾಸಲು ಕಡ್ಡಿ ಬೇಕಾದ ಪ್ರಯಾಣಿಕನೊಬ್ಬನಾದರೂ ಅದರ ರೆಂಬೆ ಮುರಿಯದಂತೆ, ಯಾವ ಶಾಸನವೂ ಬರೆಯದ ಕಟ್ಟಳೆಯೊಂದು ಕಾದಿತ್ತೆಂಬುದನ್ನು ಫ್ರೆಂಚ್ ಸೇನಾಧಿಕಾರಿ ಮಿಶೆಲ್ ಲೆಸೂರ್ 1939ರಲ್ಲಿ ಕಂಡು ಬೆರಗಾದನು. ಇದನ್ನು ಕೇವಲ ಭಕ್ತಿಯೆನ್ನಲು ನನಗೆ ಮನಸ್ಸಿಲ್ಲ. ನಡೆದುಹೋಗುವವನಿಗೆ ಆ ಮರ ದಿಕ್ಕು ತೋರಿಸುವ ಬಂಧು. ಅದಿಲ್ಲವಾದರೆ ತಾನೂ ಇಲ್ಲವೆಂಬುದನ್ನು ಅವನ ಕಾಲುಗಳೇ ಬಲ್ಲವು. ಲಾರಿಗೆ ಆ ಹಂಗಿರಲಿಲ್ಲ. ಆದುದರಿಂದ ಚಾಲಕನೊಬ್ಬನ ಮೇಲೆ ಸಮಸ್ತ ದೋಷವನ್ನೂ ಹೊರಿಸಿ ಸುಮ್ಮನಾಗುವುದು ನನಗೆ ಸಮ್ಮತವಲ್ಲ. ಹಂಗು ಹರಿದಲ್ಲಿ ಕಟ್ಟಳೆ ಉಳಿಯುವುದುಂಟೆ?

ಮರದ ಅವಶೇಷವನ್ನು ರಾಜಧಾನಿ ನಿಯಾಮೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. ಅದು ನಿಂತಿದ್ದ ಎಡೆಯಲ್ಲಿ ಈಗ ಮರದ ಆಕೃತಿಯ ಲೋಹದ ಕಂಬವಿದೆ. ಅದರ ಮುಂದೆ ಒಂಟೆಯ ಮೂಗುದಾರವನ್ನು ಬಿಗಿಹಿಡಿಯಬೇಕಾದ ಅಗತ್ಯ ಯಾರಿಗೂ ಇಲ್ಲ.