ಎಲೆಯ ಅಚ್ಚು, ಮಣ್ಣಲ್ಲದ ಮಣ್ಣು

ಪೇರಲೆ ಎಲೆಯನ್ನು ಮಗುಚಿ ನೋಡಿದರೆ ನಡುನರದಿಂದ ಹೊರಟ ಪಕ್ಕದ ನರಗಳು ಬೆರಳಿಗೆ ತಾಗುವಷ್ಟು ಉಬ್ಬಿರುತ್ತವೆ. ಪಾಲಿಮರ್ ಕ್ಲೇಯಿಂದ ಆಭರಣ ಮಾಡುವವರು ಅರಸುವುದು ಈ ಉಬ್ಬನ್ನೇ. ನಾದಿ ಹದ ಮಾಡಿದ ಮುದ್ದೆಯನ್ನು 2-3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಎಲೆಯ ಕೆಳಮೈ ತಾಗುವಂತೆ ಅದರ ಮೇಲಿಟ್ಟು, ಲಟ್ಟಣಿಗೆಯನ್ನು ಒಮ್ಮೆ ಉರುಳಿಸಿ, ತೊಟ್ಟು ಹಿಡಿದು ಮೆಲ್ಲನೆ ಎತ್ತಿದರೆ ನರಜಾಲವಷ್ಟೂ ಅಚ್ಚಾಗಿರುತ್ತದೆ. ಅದನ್ನು ಓಲೆಯ ಆಕಾರಕ್ಕೆ ಕತ್ತರಿಸಿ, ಓವನ್ನಿನಲ್ಲಿ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಆಯಿತು. ಒಣಗಿದ ಎಲೆ ಪುಡಿಯಾಗುತ್ತದೆ, ತೀರಾ ಎಳೆಯದು ನರ ಮೂಡಿಸದು. ಬಲಿತ ಹಸಿ ಎಲೆಯೇ ಆಗಬೇಕು. ಮರವೊಂದರಿಂದ ನಾಲ್ಕು ಎಲೆ ಕೊಯ್ದರೆ ನಷ್ಟವೇನಿಲ್ಲ. (ಬಂಡೆಗಂಟಿ ಬೆಳೆಯುವ ಅಪರೂಪದ ಜರೀಗಿಡಗಳ ಮಾತು ಬೇರೆ, ಅವಕ್ಕೆ ಕೈ ಹಾಕದಿರುವುದೇ ಲೇಸು.)

ಆಕ್ಷೇಪವಿರುವುದು 'ಮಣ್ಣು' ಎಂಬ ಹೆಸರಿನ ಬಗ್ಗೆ. 'ಕ್ಲೇ' ಎನಿಸಿಕೊಂಡರೂ ಇದರ ಮೂಲದ್ರವ್ಯ ಪಿವಿಸಿ, ನೀರಿನ ಕೊಳವೆಗಳಿಗೆ ಬಳಸುವ ಅದೇ ಪ್ಲಾಸ್ಟಿಕ್. ಅದು ಮೆತ್ತಗಾಗಲು ಮೆದುಕಾರಕಗಳನ್ನು ಬೆರೆಸುತ್ತಾರೆ. ಇಂಥ ಮೆದುಕಾರಕಗಳಾದ ಕೆಲವು ಥ್ಯಾಲೇಟುಗಳನ್ನು ಯುರೋಪಿಯನ್ ಒಕ್ಕೂಟವು ಮಕ್ಕಳ ಆಟಿಕೆಗಳಲ್ಲಿ 1999ರಲ್ಲಿ ತಾತ್ಕಾಲಿಕವಾಗಿ, 2005ರಲ್ಲಿ ಕಾಯಂ ಆಗಿ ನಿರ್ಬಂಧಿಸಿತು. ಹಲವು ತಯಾರಕರು ಈಗ ಅವನ್ನು ಕೈಬಿಟ್ಟಿದ್ದಾರೆಂಬುದನ್ನು ಒಪ್ಪಲೇಬೇಕು. ಪಿವಿಸಿ ಮಾತ್ರ ಉಳಿದೇ ಇದೆ. ಅದರ ಮೈಮೇಲೆ ಅರಳಿ ಎಲೆಯ ನರ ಮೂಡಿಸಿ 'ನೈಸರ್ಗಿಕ ಆಭರಣ' ಎಂದು ಚೀಟಿ ಅಂಟಿಸಿದರೆ ಅದು ಕೊಳ್ಳುವವರಿಗೆ ಮಾಡುವ ಮೋಸ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕತ್ತರಿಸಿ ಉಳಿದ ಚೂರು, ಸೀದುಹೋದ ಮಣಿ, ಮುರಿದ ಓಲೆ ಎಲ್ಲಿಗೆ ಹೋಗುತ್ತವೆ? ಕಸದ ಗಾಡಿ ಬಾರದ ಒಂಟಿಮನೆಗಳಲ್ಲಿ ಕಸಕ್ಕೆ ಬಚ್ಚಲೊಲೆಯೇ ಗತಿ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬೀಳುತ್ತದೆ. ಒಲೆಯ ಮಂದ ಉರಿಯಲ್ಲಿ ಡಯಾಕ್ಸಿನ್‌ಗಳೂ ಹುಟ್ಟಿ ಹೊಗೆಯೊಡನೆ ಬೂದಿಯನ್ನೂ ಸೇರುತ್ತವೆ. ಆ ಬೂದಿಯೇ ಮಾರನೆಯ ದಿನ ಗೊಬ್ಬರಗುಂಡಿಗೆ, ಬಸಳೆ ಚಪ್ಪರದ ಬುಡಕ್ಕೆ ಬೀಳುತ್ತದೆ. ಡಯಾಕ್ಸಿನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವಂಥದು. ನೆಲ ಕೆದಕಿ ತಿನ್ನುವ ಕೋಳಿಯ ಮೊಟ್ಟೆಗೂ ಹಸುವಿನ ಹಾಲಿಗೂ ದಾಟಬಲ್ಲದು. ಓಲೆಯ ಚೂರು ಎಷ್ಟು ಮಹಾ ಎನ್ನಬಹುದು. ಆದರೆ ಹಾಲಿನ ಕೊಟ್ಟೆಯನ್ನು ಒಲೆಗೆ ಹಾಕಲು ಅಂಜುವವರೂ 'ಮಣ್ಣು' ಎಂಬ ಹೆಸರನ್ನು ನಂಬಿ ಇದನ್ನು ನಿಶ್ಚಿಂತೆಯಿಂದ ಹಾಕಿಯಾರು.

ನಿಜವಾದ ಜೇಡಿಮಣ್ಣಿಗೂ ಇದೇ ಎಲೆ ಒಗ್ಗುತ್ತದೆ. ಚೆನ್ನಾಗಿ ಸೋಸಿದ ಮಣ್ಣು ಕಿರುನರವನ್ನೂ ಹಿಡಿಯುತ್ತದೆ. ಎಲೆಯ ತುಣುಕು ಅಂಟಿ ಉಳಿದರೂ ಆವಿಗೆಯಲ್ಲಿ ಉರಿದುಹೋಗುತ್ತದೆ. ಒಣಗುವಾಗ ಕುಗ್ಗುತ್ತದೆ, ಬಿದ್ದರೆ ಒಡೆಯುತ್ತದೆ, ಸುಡಲು ಸೌದೆಯೂ ಬೇಕು. ಈ ಕುಂದುಗಳನ್ನು ಮುಚ್ಚಿಡಬೇಕಿಲ್ಲ. ಕುಂಬಾರರು ಹೇಗೂ ಮಡಕೆ ಸುಡುವ ದಿನ ಸಂದಿಯಲ್ಲಿ ಹತ್ತಾರು ಓಲೆಗಳಿಗೆ ಜಾಗ ಸಿಕ್ಕೀತು, ಅವರಿಗೂ ನಾಲ್ಕು ಕಾಸಾದೀತು.

ಪಾಲಿಮರ್ ಕ್ಲೇಯೇ ಬೇಕೆನ್ನುವವರು ಚೀಟಿಯ ಮೇಲೆ 'ಪ್ಲಾಸ್ಟಿಕ್' ಎಂದು ಬರೆಯಲಿ. ಬೇಯದ ಚೂರುಗಳನ್ನು ಮತ್ತೆ ನಾದಿ ಬಳಸಲಿ. ಬೆಂದವನ್ನು ಡಬ್ಬಿಯಲ್ಲಿ ಕೂಡಿಟ್ಟು, ಪೇಟೆಗೆ ಹೋದಾಗ ಒಣಕಸದವರಿಗೆ ಒಪ್ಪಿಸಲಿ.