ಮರೆಗುಳಿ ಬೆಕ್ಕು

ಈ ಸಲ ನಮ್ಮ ಹರಟೆಗೆ ವಸ್ತು ಒಂದು ಬೆಕ್ಕು. ಅದರ ಹೆಸರು ಮಾಗ್. ಇಂಗ್ಲೆಂಡಿನ ಥಾಮಸ್ ಎಂಬವರ ಮನೆಯಲ್ಲಿ ಸಾಕಿದ್ದು. ಬುದ್ಧಿ ಸ್ವಲ್ಪ ಕಡಿಮೆ, ಮರೆವು ಬಹಳ. ಜೂಡಿತ್ ಕೆರ್ ಎಂಬಾಕೆ ಬರೆದು, ತಾವೇ ಚಿತ್ರ ಬಿಡಿಸಿದ ಈ ಮಕ್ಕಳ ಪುಸ್ತಕ 1970ರಲ್ಲಿ ಪ್ರಕಟವಾಯಿತು.

ಮಾಗ್ ಉಂಡದ್ದನ್ನೇ ಮರೆಯುತ್ತದೆ. ಬಾಗಿಲ ಬುಡದಲ್ಲಿ ತನಗೆಂದೇ ಕಿಂಡಿ ಇರುವುದನ್ನು ಮರೆತು, ಕಿಟಕಿಯ ಹೂಗಿಡಗಳ ಮೇಲೆ ಕುಳಿತು ಕೂಗುತ್ತದೆ. ಮನೆಯೊಡತಿಯ ಟೋಪಿಯ ಮೇಲೆ ಕೂಡುತ್ತದೆ. ದೊಡ್ಡವರೆಲ್ಲ ರೇಗುತ್ತಾರೆ, ಪುಟ್ಟ ಹುಡುಗಿ ಡೆಬಿ ಮಾತ್ರ ಅದರ ಪಕ್ಷ. ಒಂದು ರಾತ್ರಿ ತೋಟದಲ್ಲಿ ಒಂಟಿಯಾಗಿ ಕುಳಿತಿರುವಾಗ ಅಡಿಗೆಮನೆಯಲ್ಲಿ ಬೆಳಕು ಕಾಣಿಸಿತು. ಯಾರೋ ಊಟ ಹಾಕುವರೆಂದು ಗಟ್ಟಿಯಾಗಿ ಕೂಗಿತು. ಒಳಗಿದ್ದವನು ಕಳ್ಳ! ಅವನು ಬೆಚ್ಚಿಬಿದ್ದ, ಮನೆಯವರು ಎದ್ದರು, ಪೊಲೀಸರು ಬಂದರು, ಬೆಕ್ಕಿಗೆ ಪದಕ ದೊರೆಯಿತು. ಹಸಿವಿಗೆ ಕೂಗಿದ್ದಕ್ಕೆ ಪದಕ! ಸರ್ಕಾರಿ ಕಚೇರಿಗಳಲ್ಲೂ ಇಂಥ ಪದಕಗಳುಂಟೆಂದು ಕೆಲವರು ಹೇಳುವುದುಂಟು. ನಾವು ಹೇಳಲಾರೆವು, ನಮಗಿನ್ನೂ ಬಡ್ತಿ ಬರಬೇಕಾಗಿದೆ.

ನಮ್ಮ ಕಥೆಗಳ ಬೆಕ್ಕು ಬೇರೆ ಜಾತಿಯದು. ಕಣ್ಣು ಮುಚ್ಚಿ ಹಾಲು ಕುಡಿಯುವ ಕಳ್ಳ ಅದು. ತೆನಾಲಿ ರಾಮಕೃಷ್ಣನ ಬೆಕ್ಕಂತೂ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು ಹಾಲು ಕಂಡರೆ ಓಡುತ್ತಿತ್ತು. ನಾವು ಬೆಕ್ಕನ್ನು ನೋಡಿ ನಕ್ಕೆವು. ಮಾಗ್‌ನ ಕಥೆಯಲ್ಲಿ ಬೆಕ್ಕಿನ ದುಃಖವೂ ಉಂಟು. ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಬೈಸಿಕೊಳ್ಳುವ ಮಗುವಿಗೆ ಅದು ತಟ್ಟನೆ ತಿಳಿಯುತ್ತದೆ.

ಈಗ ಬರೆದವರ ವಿಚಾರ. ಜೂಡಿತ್ ಕೆರ್ ಹುಟ್ಟಿದ್ದು 1923ರಲ್ಲಿ, ಬರ್ಲಿನ್ನಿನಲ್ಲಿ. ತಂದೆ ಆಲ್ಫ್ರೆಡ್ ಕೆರ್ ಜರ್ಮನಿಯ ಹೆಸರಾಂತ ನಾಟಕ ವಿಮರ್ಶಕರು, ಯಹೂದಿಗಳು, ಹಿಟ್ಲರನ ವಿರೋಧಿಗಳು. 1933ರಲ್ಲಿ ಮನೆಮಂದಿಯೆಲ್ಲ ದೇಶ ಬಿಟ್ಟರು. ಅದೇ ವರ್ಷ ತಂದೆಯ ಪುಸ್ತಕಗಳು ಬೆಂಕಿಗೆ ಬಿದ್ದವು. ಸ್ವಿಟ್ಜರ್ಲೆಂಡ್, ಅಲ್ಲಿಂದ ಪ್ಯಾರಿಸ್, 1936ರಲ್ಲಿ ಲಂಡನ್. ಹುಡುಗಿ ಜರ್ಮನ್ ಬಿಟ್ಟು ಫ್ರೆಂಚ್ ಕಲಿತಳು, ಫ್ರೆಂಚ್ ಬಿಟ್ಟು ಇಂಗ್ಲಿಷ್ ಕಲಿತಳು. ಕೊನೆಗೆ ಹೆಸರು ತಂದದ್ದು ಆ ಮೂರನೆಯ ಭಾಷೆಯೇ. ಜರ್ಮನ್ ಗದ್ಯದಿಂದ ಹೆಸರಾದ ತಂದೆಗೆ ಆ ವಯಸ್ಸಿನಲ್ಲಿ ಹೊಸ ಭಾಷೆ ಒಗ್ಗಲಿಲ್ಲ.

ನಾವು ಯಾರೂ ಓಡಿಬಂದವರಲ್ಲ. ಕೆಲಸ ಹುಡುಕಿ ರೈಲು ಹತ್ತಿ ಮುಂಬಯಿಗೆ ಬಂದವರು. ಆ ಕಷ್ಟವನ್ನು ನಮ್ಮದರ ಜೊತೆ ತೂಗುವುದು ಸಲ್ಲದು. ಆದರೂ ನಮ್ಮ ಮನೆಗಳಲ್ಲಿ ಮಗುವಿಗೆ ಅಂಗಳದಲ್ಲಿ ಅದು ‘ಮಾಂಜರ್’, ಶಾಲೆಯಲ್ಲಿ ‘ಕ್ಯಾಟ್’, ತಾಯಿ ನೆನಪಿಟ್ಟು ಹೇಳಿದರೆ ಮಾತ್ರ ‘ಬೆಕ್ಕು’. ಊರಿನಿಂದ ಅಜ್ಜಿ ಬಂದಾಗ ಆಕೆಗೂ ಮೊಮ್ಮಗನಿಗೂ ನಡುವೆ ಸೊಸೆ ದುಭಾಷಿಯಾಗಿ ನಿಂತಿರುವುದನ್ನು ನಾವು ಕಂಡಿದ್ದೇವೆ. ಅಜ್ಜಿ ಕಥೆ ಅರ್ಧಕ್ಕೆ ನಿಲ್ಲಿಸಿ ಸುಮ್ಮನಾದಳು.

ಇಲ್ಲಿಯೇ ಈ ಪುಸ್ತಕ ಉಪಯೋಗಕ್ಕೆ ಬರುತ್ತದೆ. ತಮ್ಮ ಮಗನಿಗೆ ಶಾಲೆಯ ಓದುಪುಸ್ತಕ ಬೇಸರವಾದುದನ್ನು ಕಂಡು, ಕೆರ್ ಅವರು ಕೆಲವೇ ಸುಲಭ ಮಾತುಗಳಲ್ಲಿ ಬರೆದರು. ಚಿತ್ರ ತೋರಿಸಿದ್ದನ್ನು ಮಾತಿನಲ್ಲಿ ಮತ್ತೆ ಹೇಳಬಾರದೆಂಬ ನಿಯಮವನ್ನೂ ಇಟ್ಟುಕೊಂಡರು. ಹಾಗಾಗಿ ಅರ್ಧ ಕಥೆ ಚಿತ್ರದಲ್ಲಿದೆ, ಚಿತ್ರಕ್ಕೆ ಭಾಷೆಯ ಹಂಗಿಲ್ಲ. ಇಂಗ್ಲಿಷ್ ಅಕ್ಷರ ಬಾರದ ಅಜ್ಜಿಯೂ ಪುಟ ತಿರುವಿ ತನ್ನ ಕನ್ನಡದಲ್ಲಿ ಹೇಳಬಹುದು. ಕನ್ನಡದ ಚಿತ್ರಪುಸ್ತಕಗಳೂ ಈಗ ಬೇಕಾದಷ್ಟಿವೆ, ಅವನ್ನು ಮೊದಲು ಕೊಳ್ಳಿರಿ. ಆದರೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದ ಇಂಗ್ಲಿಷ್ ಪುಸ್ತಕಗಳು ಕಪಾಟಿನಲ್ಲಿ ಸುಮ್ಮನೆ ಏಕಿರಬೇಕು?

ಒಂದು ತೊಡಕುಂಟು. ಮಾಗ್‌ಗೆ ಬಹುಮಾನವಾಗಿ ದಿನವೂ ಬೆಳಿಗ್ಗೆ ಮೊಟ್ಟೆ. ನಮ್ಮ ಸಂಘದ ಸೋದರಿಯೊಬ್ಬರು ಅದನ್ನು ಬೆಣ್ಣೆಯೆಂದು ಹೇಳಿ ನೋಡಿದರು. ಮಗು ಚಿತ್ರದ ಮೇಲೆ ಬೆರಳಿಟ್ಟು, “ಅಮ್ಮಾ, ಬೆಣ್ಣೆ ಗುಂಡಗಿರ್ತದೇನು?” ಎಂದಿತಂತೆ. ಮೊಟ್ಟೆಯನ್ನು ಮೊಟ್ಟೆಯೆನ್ನುವುದೇ ಲೇಸು; ತಿನ್ನುವುದು ಬೆಕ್ಕು ತಾನೆ.

ಮಾಗ್‌ನ ಕಥೆಗಳು ಮುಂದೆ ಹಲವು ಬಂದವು. ಬೆಕ್ಕು ಸಾಯುವ ಕಥೆ ಬಂದದ್ದು 2002ರಲ್ಲಿ. ಕೆರ್ ಅವರು 2019ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. ಬೆಕ್ಕು ಸಾಯುವ ಆ ಪುಸ್ತಕವನ್ನು ಮೊದಲು ತಾವೇ ಓದಿ ನೋಡಿರಿ. ಮಗುವಿಗೆ ಹಗಲಿನಲ್ಲಿ ಓದಿ ಹೇಳಿರಿ. ಮಲಗುವ ಹೊತ್ತಿನಲ್ಲಿ ಬೇಡ.